ಲಿಫ್ಟಿನವರ ಮನೆಯ ಮೆಟ್ಟಿಲು

ಲಿಫ್ಟ್ ರಿಪೇರಿಯವರ ಮನೆಯಲ್ಲಿ ಯಾರೂ ಲಿಫ್ಟ್ ಹತ್ತುತ್ತಿರಲಿಲ್ಲ. ಅದಕ್ಕೆ ಭಯ ಕಾರಣವಲ್ಲ, ಜಿಪುಣತನವೂ ಅಲ್ಲ, ಕಸುಬು. ಕೆಟ್ಟ ಲಿಫ್ಟನ್ನು ನೋಡಲು ಹೋಗುವವನು ಮೆಟ್ಟಿಲು ಹತ್ತಿಯೇ ಹೋಗಬೇಕು. ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು, ಲಿಫ್ಟಿನ ಪಕ್ಕದ ಗೋಡೆಗೆ ಅಂಗೈ ಇಟ್ಟು, ಒಳಗಿನ ನಡುಕವನ್ನು ಕೇಳಿಸಿಕೊಳ್ಳಬೇಕು. ಇದು ದೊಡ್ಡ ಮೆಕ್ಯಾನಿಕ್ ಮಾಡಿದ ನಿಯಮ. ಪೂರ್ತಿ ಕೆಟ್ಟ ಲಿಫ್ಟು ಮೌನವಾಗಿರುತ್ತದೆ, ಅರೆಬರೆ ಕೆಟ್ಟದ್ದು ಮಾತಾಡುತ್ತದೆ ಎಂದು ಅವನು ಹೇಳುತ್ತಿದ್ದ. ಚೆನ್ನಾಗಿರುವ ಲಿಫ್ಟಿನ ಬಗ್ಗೆ ಅವನು ಏನೂ ಹೇಳುತ್ತಿರಲಿಲ್ಲ. ಅಂಥದ್ದನ್ನು ಅವನು ಕಂಡೇ ಇರಲಿಲ್ಲ.

ದೊಡ್ಡ ಮೆಕ್ಯಾನಿಕ್‌ಗೆ ಈಗ ಎಂಬತ್ತೇಳು. ಅವನ ಮಗ ಚಿಕ್ಕ ಮೆಕ್ಯಾನಿಕ್. ಐವತ್ತೊಂಬತ್ತು ವಯಸ್ಸು, ಮಂಡಿನೋವು, ದಪ್ಪ ಕನ್ನಡಕ, ಮುಕ್ಕಾಲು ಬೋಳುತಲೆ ಇದ್ದರೂ ಜನರ ಬಾಯಲ್ಲಿ ಅವನಿನ್ನೂ ಚಿಕ್ಕವನೇ. ಅಪ್ಪ ಇರುವ ತನಕ ಬಡ್ತಿ ಇಲ್ಲದ ಹುದ್ದೆ ಅದು.

ಅವರ ಮನೆ ಮೂರನೇ ಮಹಡಿಯಲ್ಲಿತ್ತು, ವರ್ಕ್‌ಶಾಪು ಎರಡು ರಸ್ತೆ ಆಚೆ. ಬೆಳಿಗ್ಗೆ ಇಬ್ಬರೂ ಇಳಿದು ಹೋಗುವರು. ಮಗ ಕೆಲಸ ಮಾಡುವನು, ಅಪ್ಪ ಸ್ಟೂಲಿನ ಮೇಲೆ ಕೂತು ಅದನ್ನು ತಪ್ಪು ಎನ್ನುವನು. ಸಂಜೆ ಇಬ್ಬರೂ ಮೆಟ್ಟಿಲು ಹತ್ತಿ ಬರುವರು. ಬರುವಾಗ ಅಪ್ಪ ಒಂದೊಂದು ಮಹಡಿಯಲ್ಲೂ ನಿಂತು ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತಾದ ಮೇಲೆ ಒಂದು ಮಾತು ಹೇಳುವನು. "ಬೇರಿಂಗು ಸವೆದಿದೆ." ಅಥವಾ, "ಹಗ್ಗ ಎಳೀತಿದೆ." ಅಥವಾ, "ಬ್ರೇಕು."

ಮಗ ಮುಂದಿನ ಭಾನುವಾರ ಅದನ್ನು ಬದಲಾಯಿಸುವನು. ಎರಡು ವರ್ಷಗಳಲ್ಲಿ ಆ ಕಟ್ಟಡದ ಲಿಫ್ಟಿಗೆ ಹೊಸ ಬೇರಿಂಗು, ಹೊಸ ಹಗ್ಗ, ಹೊಸ ಬ್ರೇಕು, ಬಾಗಿಲಿಗೆ ಹೊಸ ರೋಲರು ಬಂದಿದ್ದವು. ಬಿಚ್ಚಿ ತೆಗೆದ ಭಾಗಗಳನ್ನು ಅವನು ಬಾಲ್ಕನಿಯ ಗೋಣಿಚೀಲದಲ್ಲಿ ಹಾಕಿಟ್ಟಿದ್ದ. ಅವು ಹೊಸದರಂತೆಯೇ ಕಾಣುತ್ತಿದ್ದವು. ಕಣ್ಣಿಗೆ ಕಾಣದ ಸವೆತ, ಅಪ್ಪನ ಅಂಗೈಗೆ ಮಾತ್ರ ಸಿಗುತ್ತದೆ ಎಂದುಕೊಂಡು ಅವನು ಹೆಮ್ಮೆಪಡುತ್ತಿದ್ದ.

"ಆ ಲಿಫ್ಟು ನಮ್ಮಿಬ್ಬರಿಗಿಂತ ಗಟ್ಟಿಮುಟ್ಟಾಗಿದೆ," ಎಂದಿದ್ದಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ. "ಇನ್ನು ಸ್ವಲ್ಪ ದಿನ ಬಿಟ್ಟರೆ ಅದಕ್ಕೆ ಹೆಣ್ಣು ಹುಡುಕಬೇಕಾಗುತ್ತೆ."

ಹೀಗಿರುವಾಗ ಅಪ್ಪ ವರ್ಕ್‌ಶಾಪಿನ ಮೇಜಿನ ಅಂಚಿಗೆ ಪಕ್ಕೆ ತಾಗಿಸಿಕೊಂಡ. ಎಲುಬು ಮುರಿದಿದೆಯೇನೋ ಎಂದು ಎಕ್ಸ್‌ರೇ ತೆಗೆಸಿದರು. ಪಕ್ಕೆಲುಬಿಗೆ ಏನೂ ಆಗಿರಲಿಲ್ಲ. ಪಕ್ಕೆಲುಬಿನ ಹಿಂದೆ ಆಗಿತ್ತು.

ಆಮೇಲೆ ಸ್ಕ್ಯಾನು, ಸೂಜಿ, ಕಾಯುವುದು. ಕೊನೆಗೆ ಬಂದ ಸುದ್ದಿ ಇಷ್ಟು: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆಲಗಡಲೆಯಷ್ಟು ದೊಡ್ಡ ಗಡ್ಡೆ, ಕ್ಯಾನ್ಸರ್, ಇನ್ನೂ ಎಲ್ಲಿಗೂ ಹರಡಿಲ್ಲ.

"ತೆಗೆದುಬಿಡಿ," ಎಂದ ಚಿಕ್ಕ ಮೆಕ್ಯಾನಿಕ್.

ಎದುರಿಗೆ ಕೂತಿದ್ದ ಸರ್ಜನ್ ಚಿಕ್ಕ ಕೂದಲಿನ, ಮೆಲ್ಲನೆ ಮಾತಾಡುವ ಹೆಂಗಸು. ಅವಳು ತಕ್ಷಣ ಹೂಂ ಎನ್ನಲಿಲ್ಲ. "ತೆಗೀಬಹುದು. ವಯಸ್ಸು ಎಂಬತ್ತೇಳು ಅನ್ನೋ ಒಂದೇ ಕಾರಣಕ್ಕೆ ನಾನು ಬೇಡ ಅನ್ನಲ್ಲ. ಆದ್ರೆ ಈ ವಯಸ್ಸಲ್ಲಿ ಆಪರೇಷನ್ ಟೇಬಲ್ ಮೇಲೆ ಏನಾಗುತ್ತೆ ಅನ್ನೋದಲ್ಲ ನನ್ನ ಚಿಂತೆ. ಅಲ್ಲಿ ನಾವಿರ್ತೀವಿ, ಮೆಷಿನ್ನುಗಳಿರ್ತವೆ. ಆಮೇಲಿನದ್ದು ಚಿಂತೆ."

"ಆಮೇಲೇನು?"

"ಎದೆ ನೋಯುತ್ತೆ ಅಂತ ಕೆಮ್ಮಲ್ಲ. ಕೆಮ್ಮದೆ ಕಫ ಕಟ್ಟುತ್ತೆ, ನ್ಯುಮೋನಿಯಾ ಬರುತ್ತೆ. ಹೃದಯ ತಾಳ ತಪ್ಪಬಹುದು. ಕೆಲವರಿಗೆ ಬುದ್ಧಿ ಕಲಕಿದ ಹಾಗಾಗುತ್ತೆ. ನಿಮ್ಮನ್ನೇ ಯಾರು ಅಂತ ಕೇಳಬಹುದು. ಹೆಚ್ಚಿನವರಿಗೆ ಸರಿಹೋಗುತ್ತೆ, ಕೆಲವರಿಗೆ ಹೋಗಲ್ಲ. ನಡ್ಕೊಂಡು ಬಂದವರು ಆಮೇಲೆ ತಾವಾಗಿ ಕುರ್ಚಿಯಿಂದ ಏಳದೇ ಇರಬಹುದು. ಕ್ಯಾನ್ಸರ್ ಹೋಗಿರುತ್ತೆ, ಮನುಷ್ಯನೂ ಅರ್ಧ ಹೋಗಿರ್ತಾನೆ."

ಅಪ್ಪ ಕಿಟಕಿಯ ಚಿಲಕವನ್ನು ನೋಡುತ್ತಿದ್ದ. ಅದು ಸಡಿಲವಾಗಿತ್ತು.

"ಇನ್ನೊಂದು ದಾರಿ ಇದೆ," ಸರ್ಜನ್ ಮುಂದುವರಿಸಿದಳು. "ಹೊರಗಿಂದ ಗಡ್ಡೆಗೆ ಗುರಿಯಿಟ್ಟು ಕಿರಣ ಬಿಡೋದು. ಕೊಯ್ಯೋದಿಲ್ಲ, ಪ್ರಜ್ಞೆ ತಪ್ಪಿಸೋದಿಲ್ಲ, ಕೆಲವೇ ಸಲ ಬಂದು ಮಲಗಿದ್ರೆ ಸಾಕು. ಆದ್ರೆ ಪಕ್ಕದಲ್ಲಿ ಮತ್ತೆ ತಲೆ ಎತ್ತೋ ಭಯ ಸ್ವಲ್ಪ ಜಾಸ್ತಿ ಇರುತ್ತೆ."

ಚಿಕ್ಕ ಮೆಕ್ಯಾನಿಕ್‌ಗೆ ಇದು ಒಪ್ಪಿಗೆಯಾಗಲಿಲ್ಲ. "ಕೆಟ್ಟ ಪಾರ್ಟನ್ನ ಒಳಗೇ ಬಿಟ್ಟು ಸುಡೋದಾ? ಇದ್ಯಾವ ರಿಪೇರಿ ಡಾಕ್ಟ್ರೇ?"

ಸುದ್ದಿ ಬಂದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಅಪ್ಪನೊಳಗೆ ಕೆಟ್ಟದ್ದೊಂದು ಇದೆ, ಎಲ್ಲಿದೆ ಎಂದು ಗೊತ್ತಿದೆ, ಆದರೂ ಅದು ಅಲ್ಲೇ ಇದೆ. ಬೇರೆ ಯಾವುದನ್ನಾದರೂ ಅವನು ತಡೆದುಕೊಂಡಾನು, ಇದನ್ನಲ್ಲ. ಜೀವಮಾನವಿಡೀ ಅವನು ಮಾಡಿದ್ದು ಒಂದೇ ಕೆಲಸ: ಹೋಗಿದ್ದನ್ನು ಬಿಚ್ಚಿ ಕೆಳಗಿಡುವುದು.

"ಉಸಿರಿನ ಶಕ್ತಿ ನೋಡೋಕೆ ಕೊಳವೆಗೆ ಊದಿಸಿದ್ವಲ್ಲ, ಆ ಪರೀಕ್ಷೆ ಗಡಿಯಲ್ಲಿದೆ," ಎಂದಳು ಸರ್ಜನ್. "ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಅದಕ್ಕೇ ಕೇಳ್ತಿದ್ದೀನಿ, ಮನೇಲಿ ಹೇಗೆ ಓಡಾಡ್ತಾರೆ?"

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದವನ ಹಾಗೆ ಮಗ ಮುಂದಕ್ಕೆ ಸರಿದ. "ದಿನಾ ಮೂರು ಮಹಡಿ ಹತ್ತುತ್ತಾರೆ. ಮೆಟ್ಟಿಲಲ್ಲಿ."

"ನಿಲ್ಲದೆ?"

"ನಿಲ್ತಾರೆ. ಆದ್ರೆ ಉಸಿರಿಗಲ್ಲ. ಲಿಫ್ಟ್ ನೋಡೋಕೆ ನಿಲ್ತಾರೆ." ಅವನು ಅಂಗೈಯ ವಿಷಯವನ್ನು ವಿವರಿಸಿದ. ಬೇರಿಂಗು, ಹಗ್ಗ, ಬ್ರೇಕು ಎಲ್ಲ ಹೇಳಿದ.

ಸರ್ಜನ್ ಅಪ್ಪನ ಕಡೆ ತಿರುಗಿದಳು. "ಹೌದಾ ಅಜ್ಜಾ? ಉಸಿರಿನ ತೊಂದರೆ ಇಲ್ವಾ?"

"ಮಗ ಹೇಳಿದ್ನಲ್ಲ," ಎಂದ ಅಪ್ಪ.

ಅವಳು ಮೆಚ್ಚಿಕೊಂಡಳು. ಈ ವಯಸ್ಸಿಗೆ ಮೂರು ಮಹಡಿ ಹತ್ತುವವರು ಊದುವ ಪರೀಕ್ಷೆಯಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಪರವಾಗಿಲ್ಲ ಎಂದಳು. ಮುಂದಿನ ಗುರುವಾರ ಆಪರೇಷನ್ ಎಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಒಂದು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ನೋಡುತ್ತಾರೆ, ಅಷ್ಟೇ.

ಮನೆಯಲ್ಲಿ ಸೊಸೆ ತಟ್ಟೆ ಇಡುತ್ತಾ ನೇರವಾಗಿ ಕೇಳಿದಳು. "ಮಾವ, ನಿಮಗೇನು ಬೇಕು? ಕೊಯ್ಯೋದೋ, ಸುಡೋದೋ?"

"ಚಿಕ್ಕವನು ನೋಡ್ಕೋತಾನೆ."

"ಚಿಕ್ಕವನು ಲಿಫ್ಟ್ ನೋಡ್ಕೋತಾನೆ. ನೀವು ಲಿಫ್ಟಾ?"

"ಲಿಫ್ಟಾದ್ರೆ ಗ್ಯಾರಂಟಿ ಕಾರ್ಡ್ ಇರ್ತಿತ್ತು," ಎಂದು ಅಪ್ಪ ಊಟಕ್ಕೆ ಕೈ ಹಾಕಿದ. ಮಗ ಆಗಲೇ ಆಸ್ಪತ್ರೆಗೆಂದು ಹೊಸ ಪೈಜಾಮ ತಂದಿದ್ದ. ಅದು ಉದ್ದವಾಗಿತ್ತು. ಅಪ್ಪ ಕುಗ್ಗಿದ್ದನ್ನು ಅವನು ಅಂದಾಜಿಗೆ ತೆಗೆದುಕೊಂಡಿರಲಿಲ್ಲ.

ಮೆಟ್ಟಿಲು ಹತ್ತಿಸುವವನು ಫಿಸಿಯೋಥೆರಪಿಸ್ಟ್, ಅಗಲ ಭುಜದವನು, ಯಾರನ್ನು ಕಂಡರೂ ತಮಾಷೆ ಮಾಡುವವನು. ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಬುಡದಲ್ಲಿ ಅಪ್ಪನ ಬೆರಳಿಗೆ ಪುಟ್ಟ ಕ್ಲಿಪ್ಪೊಂದನ್ನು ಸಿಕ್ಕಿಸಿದ. ರಕ್ತದಲ್ಲಿ ಎಷ್ಟು ಆಮ್ಲಜನಕ ಇದೆ ಎಂದು ಅದು ತೋರಿಸುತ್ತದಂತೆ. "ನಿಮ್ಮ ನಡಿಗೆಯಲ್ಲೇ ಹತ್ತಿ ಅಜ್ಜಾ. ಮೂರು ಮಹಡಿ. ಓಡೋದೇನು ಬೇಡ, ಬಹುಮಾನ ಇಲ್ಲ. ನಿಲ್ಲಬಾರದು, ಅಷ್ಟೇ."

ಅಪ್ಪ ಹತ್ತಿದ. ಅವನ ಹಿಂದೆ ಫಿಸಿಯೋ, ಫಿಸಿಯೋನ ಹಿಂದೆ ಮಗ. ಒಂದನೇ ಮಹಡಿ ಬಂತು. ಅಪ್ಪ ನಿಂತ. ಎಡಗಡೆಯ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ.

"ಏನ್ ಮಾಡ್ತಿದ್ದಾರೆ?" ಫಿಸಿಯೋ ಕೇಳಿದ.

"ಲಿಫ್ಟ್ ಕೇಳ್ತಿದ್ದಾರೆ."

"ಯಾವ ಲಿಫ್ಟ್?"

"ಗೋಡೆ ಹಿಂದಿನದು."

"ಲಿಫ್ಟ್ ಇರೋದು ಮುಂಬಾಗಿಲ ಹತ್ರ ಸ್ವಾಮಿ. ಈ ಗೋಡೆ ಹಿಂದೆ ಬೆಡ್‌ಶೀಟ್ ರೂಮಿದೆ."

ಚಿಕ್ಕ ಮೆಕ್ಯಾನಿಕ್ ನಕ್ಕ. ತಿಳಿಯದವರ ಮೇಲೆ ಅವನಿಗೆ ಕೋಪ ಬರುತ್ತಿರಲಿಲ್ಲ. "ನಮ್ಮಪ್ಪ ಸುಮ್ಸುಮ್ನೆ ಕೈ ಇಡಲ್ಲ. ಹಳೇ ಕಟ್ಟಡಗಳಲ್ಲಿ ಮುಚ್ಚಿಹಾಕಿದ ಲಿಫ್ಟ್ ಶಾಫ್ಟು ಇರುತ್ತೆ. ಒಳಗೆ ಏನೋ ಓಡ್ತಿರಬೇಕು. ಇರಿ, ತೋರಿಸ್ತೀನಿ."

ಹಾಗೆಂದವನೇ ಪಕ್ಕದ ಬಾಗಿಲು ತಳ್ಳಿ ಒಳಗೆ ಹೋದ.

ಒಳಗೆ ಕಪಾಟುಗಳ ತುಂಬ ಬಿಳಿ ಬೆಡ್‌ಶೀಟು, ದಿಂಬು. ದಪ್ಪಗಿನ ಹೆಂಗಸೊಬ್ಬಳು ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು.

"ಇಲ್ಲಿ ಮೋಟಾರ್ ಏನಾದ್ರೂ ಇದೆಯಾ?"

"ಇಸ್ತ್ರಿಪೆಟ್ಟಿಗೆ ಇದೆ," ಎಂದಳು ಅವಳು. "ಅದೂ ಕೆಟ್ಟಿದೆ. ಹೇಳಿ ಹೇಳಿ ಸಾಕಾಯ್ತು. ನೀವು ರಿಪೇರಿಯೋರಾ?"

"ಹೌದು. ಅಲ್ಲ. ಈ ಗೋಡೆ ಹಿಂದೆ?"

"ಗೋಡೆ ಹಿಂದೆ ಮೆಟ್ಟಿಲು. ಇನ್ನೇನಿರುತ್ತೆ?"

ಅವನು ದಿಂಬುಗಳನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ತನ್ನ ಅಂಗೈ ಇಟ್ಟ. ಅಪ್ಪನ ಅಂಗೈ ಆಚೆ ಕಡೆ ಸುಮಾರು ಅಲ್ಲೇ ಇರಬೇಕು, ನಡುವೆ ಒಂದು ಇಟ್ಟಿಗೆ. ಗೋಡೆ ತಣ್ಣಗಿತ್ತು. ಏನೂ ನಡುಗುತ್ತಿರಲಿಲ್ಲ. ಅವನು ಜಾಗ ಬದಲಾಯಿಸಿ ಇನ್ನೊಂದು ಕಡೆ ಇಟ್ಟ. ಅಲ್ಲೂ ಗೋಡೆಯೇ.

ಕೇಳಿಸಿದ್ದು ತೆರೆದ ಬಾಗಿಲ ಕಡೆಯಿಂದ. ಸಣ್ಣ ಸಿಳ್ಳೆಯಂಥ, ಮಧ್ಯೆ ಮಧ್ಯೆ ಕತ್ತರಿಸಿಹೋಗುವ ಸದ್ದು. ಅಪ್ಪ ಉಸಿರಾಡುತ್ತಿದ್ದ. ಆ ಸದ್ದು ಮಗನಿಗೆ ಹೊಸದೇನಲ್ಲ. ಎರಡು ವರ್ಷದಿಂದ ಪ್ರತಿ ಸಂಜೆ ಪ್ರತಿ ಮಹಡಿಯಲ್ಲೂ ಕೇಳಿದ್ದ. ಅದು ಅಪ್ಪನ ಏಕಾಗ್ರತೆಯ ಸದ್ದು ಎಂದುಕೊಂಡಿದ್ದ.

ಗೋಣಿಚೀಲದೊಳಗಿನ ಭಾಗಗಳು ಹೊಸದರಂತೆ ಕಾಣುತ್ತಿದ್ದದ್ದು ಅವು ಹೊಸವೇ ಆಗಿದ್ದರಿಂದ ಎಂದು ಅವನಿಗೆ ಆಗ ಹೊಳೆಯಿತು.

"ದಿಂಬು ಕೆಳಗೆ ಬಿತ್ತು ನೋಡಿ," ಎಂದಳು ಆ ಹೆಂಗಸು.

ಅವನು ಎತ್ತಿಟ್ಟು ಹೊರಗೆ ಬಂದ. ಅಪ್ಪ ಕಣ್ಣು ತೆರೆದಿದ್ದ. ತುಟಿ ಮಾಸಿದ ಬಣ್ಣಕ್ಕೆ ತಿರುಗಿತ್ತು. ಗಂಭೀರವಾಗಿ ಹೇಳಿದ: "ಬೇರಿಂಗು ಹೋಗಿದೆ."

ಫಿಸಿಯೋ ಕ್ಲಿಪ್ಪನ್ನು ತೆಗೆದು ಉಜ್ಜಿ ಮತ್ತೆ ಸಿಕ್ಕಿಸುತ್ತಿದ್ದ. "ನಂಬರು ಕೆಳಗಿದೆ. ಆದ್ರೆ ಬೆರಳು ಐಸಾಗಿದೆ, ತಣ್ಣಗಿರೋ ಬೆರಳಲ್ಲಿ ಇದು ಸುಳ್ಳು ಹೇಳುತ್ತೆ. ದಿನಾ ಜೊತೆಗಿರೋ ಮಗ, ನೀವೇ ಹೇಳಬೇಕು. ಅಭ್ಯಾಸಕ್ಕೆ ನಿಂತ್ರೋ, ಉಸಿರಿಗೆ ನಿಂತ್ರೋ? ಅಭ್ಯಾಸ ಅಂದ್ರೆ ನಾಳೆ ಬೆಳಿಗ್ಗೆ ಇನ್ನೊಂದು ಸಲ ಹತ್ತಿಸ್ತೀನಿ, ಗೋಡೆಗೆ ಕೈ ಇಡಬೇಡಿ ಅಂತ ಹೇಳಿ ಕರ್ಕೊಂಡು ಬನ್ನಿ. ಉಸಿರು ಅಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ."

"ಹೇಳೋ," ಎಂದ ಅಪ್ಪ. "ಬೇರಿಂಗು ಅಂತ ಹೇಳು."

ಚಿಕ್ಕ ಮೆಕ್ಯಾನಿಕ್ ಅಪ್ಪನನ್ನು ಬಲ್ಲ. ಅಭ್ಯಾಸ ಎಂದು ಹೇಳಿದರೆ ನಾಳೆ ಈ ಮನುಷ್ಯ ಹಲ್ಲು ಕಚ್ಚಿಕೊಂಡು ಮೂರು ಮಹಡಿಯನ್ನೂ ಹತ್ತುತ್ತಾನೆ. ಹತ್ತಿದ ಮೇಲೆ ಏನಾದರೂ ಆಗಲಿ, ಹತ್ತುತ್ತಾನೆ. ಗುರುವಾರ ಎದೆ ತೆರೆಯುತ್ತಾರೆ. ನೆಲಗಡಲೆ ಹೊರಗೆ ಬರುತ್ತದೆ, ಮಗನಿಗೆ ಊಟ ಸೇರುತ್ತದೆ. ಆಮೇಲೆ ಕೆಮ್ಮಲಾಗದೆ ಮಲಗುವವನು ಮಾತ್ರ ಮಗನಲ್ಲ.

ಉಸಿರು ಎಂದು ಹೇಳಿದರೆ ಕೆಟ್ಟದ್ದನ್ನು ಯಾರೂ ಹೊರಗೆ ತೆಗೆಯುವುದಿಲ್ಲ.

"ಉಸಿರು," ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಅಲ್ಲಿ ಬರೀ ದಿಂಬಿದೆ ಅಪ್ಪಾ," ಎಂದ.

ಅಪ್ಪ ನಿಧಾನವಾಗಿ ಮೆಟ್ಟಿಲ ಮೇಲೆ ಕೂತ. ಫಿಸಿಯೋ ನೀರು ತರುತ್ತೇನೆಂದು ಇಳಿದು ಹೋದ.

"ಬಾಗಿಲು ತೆಗೆದು ನೋಡಿದ್ಯಾ?" ಅಪ್ಪ ಕೇಳಿದ.

"ನೋಡಿದೆ."

"ನನ್ನ ಕೈ ಹಿಂದೆ ಹೋಗಿ ಯಾರೂ ಇವತ್ತಿನವರೆಗೂ ನೋಡಿರಲಿಲ್ಲ."

"ನೀನು ಸರಿ ಅಂತ ತೋರಿಸೋಕೇ ಹೋದೆ ಕಣಪ್ಪಾ."

"ಅದೇ ತಪ್ಪು."

ಮಗ ಪಕ್ಕದಲ್ಲಿ ಕೂತ. ಮಂಡಿ ಲಟಕ್ಕೆಂದಿತು. ಅದನ್ನು ಉಜ್ಜುತ್ತಾ ಕೇಳಿದ: "ನಮ್ಮ ಲಿಫ್ಟಿಗೆ ಏನೂ ಆಗಿರಲೇ ಇಲ್ವಾ?"

"ಬಾಗಿಲ ರೋಲರು ನಿಜವಾಗ್ಲೂ ಹೋಗಿತ್ತು."

"ಮಿಕ್ಕಿದ್ದು?"

"ಮಿಕ್ಕಿದ್ದು ಚೆನ್ನಾಗಿತ್ತು."

"ಬ್ರೇಕು?"

"ಬ್ರೇಕು ಬಹಳ ಚೆನ್ನಾಗಿತ್ತು," ಎಂದ ಅಪ್ಪ. "ಅದನ್ನ ಬಿಚ್ಚಿದಾಗ ನಂಗೆ ಬೇಜಾರಾಯ್ತು."

"ಉಬ್ಬಸ ಅಂತ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ನನ್ನ ಮನೇಲಿ ಕೂರಿಸ್ತಿದ್ದೆ."

"ಅದಕ್ಕೆ ಎದೆ ಕೊಯ್ಯಿಸಿಕೊಳ್ಳೋಕೆ ಹೊರಟಿದ್ಯಾ?"

"ಡಾಕ್ಟ್ರು ಒಂದು ಸಲ ಕೊಯ್ತಾರೆ," ಎಂದ ಅಪ್ಪ, ಎರಡು ಸಲ ಉಸಿರೆಳೆದುಕೊಂಡು. "ನೀನು ದಿನಾ ಕೂರಿಸ್ತೀಯ."

ಸರ್ಜನ್ ಮುಂದೆ ಚಿಕ್ಕ ಮೆಕ್ಯಾನಿಕ್ ತಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡ. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ. ಅವಳು ಬೈಯಲಿಲ್ಲ. ಇಂಥವರು ಬಹಳ ಜನ ಇದ್ದಾರೆ ಎಂದಳು. ಅಜ್ಜಿಯೊಬ್ಬಳು ರಸ್ತೆಯ ಪ್ರತಿ ಅಂಗಡಿಯ ಮುಂದೆಯೂ ನಿಂತು ಕಿಟಕಿ ನೋಡುತ್ತಿದ್ದಳಂತೆ. ಅಜ್ಜಿಗೆ ಬಟ್ಟೆಯ ಹುಚ್ಚು ಎಂದು ಮನೆಯವರು ನಗುತ್ತಿದ್ದರಂತೆ. ಅವುಗಳಲ್ಲಿ ಬೀಗ ಹಾಕಿದ ಪೇಂಟಿನ ಅಂಗಡಿಯೂ ಇತ್ತೆಂಬುದನ್ನು ಯಾರೂ ಗಮನಿಸಿರಲಿಲ್ಲವಂತೆ.

"ಈ ಉಸಿರಿಗೆ ನಾನು ಚಾಕು ಹಿಡಿಯಲ್ಲ," ಎಂದಳು ಅವಳು. "ಒಂದು ಭಾಗ ತೆಗೆದ್ರೆ ಉಳಿದದ್ದು ಸಾಲಲ್ಲ. ಗುರುವಾರ ರದ್ದು. ಅಜ್ಜಾ, ಈಗ ನಿಮ್ಮನ್ನೇ ಕೇಳ್ತೀನಿ, ಮಗನನ್ನಲ್ಲ. ಕಿರಣದ ಚಿಕಿತ್ಸೆ ಮಾಡಬಹುದು. ಏನೂ ಮಾಡದೆ ನೋಡ್ತಾ ಇರಲೂಬಹುದು. ನಿಮಗೇನನ್ನಿಸುತ್ತೆ?"

ಅಪ್ಪ ಯೋಚಿಸಿದ. "ಕಿರಣ ಬಿಟ್ಟ ಮಾರನೇ ದಿನ ಕೆಲಸಕ್ಕೆ ಹೋಗಬಹುದಾ?"

"ಸುಸ್ತಿರುತ್ತೆ. ಕೂತು ಮಾಡೋ ಕೆಲಸ ಆದ್ರೆ ಹೋಗಿ. ಏನು ಕೆಲಸ?"

"ಇವನು ಮಾಡಿದ್ದನ್ನ ತಪ್ಪು ಅನ್ನೋದು."

"ಅದಕ್ಕೆ ಅಡ್ಡಿ ಇಲ್ಲ," ಎಂದಳು ಸರ್ಜನ್.

"ಹಾಗಾದ್ರೆ ಕಿರಣ."

ಮಗ ಎದ್ದು ನಿಂತವನು ಮತ್ತೆ ಕೂತ. "ಅದು ಮತ್ತೆ ಬಂದ್ರೆ ಡಾಕ್ಟ್ರೇ?"

"ಬರಬಹುದು," ಎಂದಳು. ಅವನು ಇನ್ನೊಂದು ವಾಕ್ಯಕ್ಕಾಗಿ ಕಾದ. ಅವಳು ಚೀಟಿ ಬರೆಯತೊಡಗಿದಳು.

ಅಂದು ಸಂಜೆ ಅಪ್ಪ ಲಿಫ್ಟಿನಲ್ಲೇ ಮನೆಗೆ ಹೋದ. ಬಹಳ ನಯವಾಗಿ ಓಡುತ್ತದೆ, ಹತ್ತಿದ್ದೇ ಗೊತ್ತಾಗುವುದಿಲ್ಲ ಎಂದು ಆಕ್ಷೇಪಿಸಿದ. ವಿಷಯ ಕೇಳಿದ ಸೊಸೆ ಗಂಡನನ್ನೂ ಮಾವನನ್ನೂ ಒಂದೊಂದು ಸಲ ನೋಡಿ, "ಇಬ್ಬರಿಗೂ ಕಣ್ಣು ಪರೀಕ್ಷೆ ಮಾಡ್ತೀನಿ, ಅಂಗಡಿಗೆ ಬನ್ನಿ," ಎಂದಳು.

ಉಸಿರಿನ ಬಗ್ಗೆ ಮಾತ್ರ ಮನೆಯಲ್ಲಿ ಮತ್ತೆ ಮಾತು ಬರಲಿಲ್ಲ. ಮಗ ಎರಡು ಸಲ ಕೇಳಿದ. ಎರಡು ಸಲವೂ ಅಪ್ಪ, "ಇದೆ, ಅಷ್ಟೇ," ಎಂದು ಟಿ.ವಿ. ಸದ್ದು ಜೋರು ಮಾಡಿದ.

ಮೊದಲನೇ ಕಿರಣದ ದಿನ ಮಗ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಒಳಗಿನ ಕೋಣೆಯಲ್ಲಿ ಅಪ್ಪ ಒಬ್ಬನೇ, ಮೈ ಅಲ್ಲಾಡದಂತೆ ಹಿಡಿಯುವ ಅಚ್ಚಿನೊಳಗೆ ಕೈ ಮೇಲೆತ್ತಿ ಮಲಗಿದ್ದ. ನಡುವಿನ ಕೋಣೆಯಲ್ಲಿ ಟೆಕ್ನಿಷಿಯನ್ ಹುಡುಗಿ ಪರದೆಗಳ ಮುಂದೆ ಕೂತು ಮೈಕಿನಲ್ಲಿ ಮಾತಾಡುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು.

"ಅಜ್ಜಾ, ಮೆಲ್ಲಗೆ ಉಸಿರಾಡಿ. ನೀವು ಉಸಿರಾಡಿದಾಗ ಗಡ್ಡೆ ಮೇಲೆ ಕೆಳಗೆ ಹೋಗುತ್ತೆ. ಅದು ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಮೆಷಿನ್ ಓಡುತ್ತೆ, ಆಚೀಚೆ ಆದ್ರೆ ತಾನಾಗಿ ನಿಲ್ಲುತ್ತೆ. ಗಾಬರಿ ಬೇಡ. ಉಬ್ಬಸ ಏನಾದ್ರೂ ಇದೆಯಾ ಈಗ?"

ಸ್ಪೀಕರಿನಲ್ಲಿ ಅಪ್ಪನ ದನಿ ಬಂತು. "ಇದೆ."

"ಎಷ್ಟು ದಿನದಿಂದ?"

"ದಿನ ಅಲ್ಲಮ್ಮ, ವರ್ಷ. ಮೊದಲು ಮೂರನೇ ಮಹಡೀಲಿ ಮಾತ್ರ ಬರ್ತಿತ್ತು. ಆಮೇಲೆ ಎರಡರಲ್ಲಿ ಶುರುವಾಯ್ತು. ಬೂಟಿನ ಲೇಸು ಕಟ್ಟೋವಾಗ ಬರುತ್ತೆ. ಬಗ್ಗಿದ್ರೆ ಕಣ್ಣಿಗೆ ಕತ್ತಲೆ. ಅದಕ್ಕೇ ಲೇಸು ಇಲ್ಲದ್ದು ತಗೊಂಡೆ, ಕಾಲಿಗೆ ಸೆಖೆ ಅಂತ ಸುಳ್ಳು ಹೇಳಿ."

"ಸರಿ ಅಜ್ಜಾ. ಈಗ ಮಾತಾಡಬೇಡಿ. ಮಾತಾಡಿದ್ರೆ ಎದೆ ಅಲ್ಲಾಡುತ್ತೆ."

"ಅಂಗಿ ಹಾಕ್ಕೊಳ್ಳೋವಾಗ ಎಡಗೈ ಮೊದಲು ಹಾಕಬೇಕು. ಬಲಗೈ ಮೊದಲು ಹಾಕಿದ್ರೆ ಅರ್ಧಕ್ಕೇ ಕೂರಬೇಕಾಗುತ್ತೆ."

"ಅಜ್ಜಾ, ಮೆಷಿನ್ ನಿಂತಿದೆ."

"ನಿಂತಿರಲಿ. ನಗೋವಾಗಲೂ ಬರುತ್ತೆ. ಸೊಸೆ ಏನಾದ್ರೂ ಅಂದ್ರೆ ಎದ್ದು ಬಾಲ್ಕನಿಗೆ ಹೋಗ್ಬಿಡ್ತೀನಿ. ಅವಳ ಮಾತಿಗೆ ನಗದೆ ಇರೋಕಾಗಲ್ಲ."

ಹುಡುಗಿ ಬಾಗಿಲ ಕಡೆ ತಿರುಗಿದಳು. "ನೀವು ಮಗ ಅಲ್ವಾ? ಬನ್ನಿ, ನೀವಾದ್ರೂ ಸ್ವಲ್ಪ ಹೇಳಿ. ಈ ಬಟನ್ ಒತ್ತಿ ಮಾತಾಡಿ, ಕೇಳಿಸುತ್ತೆ."

ಚಿಕ್ಕ ಮೆಕ್ಯಾನಿಕ್ ಒಳಗೆ ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಪರದೆಯ ಮೇಲೆ ಅಪ್ಪ ಬಹಳ ಸಣ್ಣದಾಗಿ ಕಾಣುತ್ತಿದ್ದ. ಶರಣಾದವನ ಹಾಗೆ ಎರಡೂ ಕೈ ತಲೆಯ ಮೇಲಿದ್ದವು, ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಇನ್ನೊಂದು ಪರದೆಯಲ್ಲಿ ಹಸಿರು ಗೆರೆಯೊಂದು ಏಳುತ್ತ ಬೀಳುತ್ತ ಹೋಗುತ್ತಿತ್ತು. ಅಪ್ಪ ಮಾತಿನ ನಡುವೆ ಉಸಿರಿಗೆ ನಿಂತಾಗಲೆಲ್ಲ ಅದು ತಳಕ್ಕೆ ಹೋಗಿ ತಡಕಾಡಿ ಮತ್ತೆ ಏಳುತ್ತಿತ್ತು.

ಅವನು ಬಟನ್ ಒತ್ತಿದ. "ಅಪ್ಪಾ. ಆಮೇಲೆ ಹೇಳು."

ಹಸಿರು ಗೆರೆ ಒಂದು ಸಲ ಎದ್ದು ಬಿತ್ತು.

"ಆಮೇಲೆ ನಿನ್ನ ಮುಖ ನೋಡ್ಕೊಂಡು ಹೇಳಬೇಕಾಗುತ್ತೆ," ಎಂದ ಅಪ್ಪ. "ಸ್ನಾನದ್ದೊಂದು ಬಾಕಿ ಇದೆ."

ಹುಡುಗಿ ಗಡಿಯಾರ ನೋಡಿದಳು, ಹೊರಗೆ ಕಾಯುತ್ತಿದ್ದವರನ್ನು ನೋಡಿದಳು, ಆಮೇಲೆ ಕುರ್ಚಿಗೆ ಒರಗಿ ಕೈಕಟ್ಟಿ ಕೂತಳು. ಮಗ ಬಟನ್ನಿನಿಂದ ಬೆರಳು ತೆಗೆದ. ಸ್ಪೀಕರಿನ ಸದ್ದು ಹೆಚ್ಚಿಸುವ ತಿರುಪು ಯಾವುದು ಎಂದು ಅವಳನ್ನು ಕೇಳಿದ, ಅವಳು ತೋರಿಸಿದಳು. ಒಳಗೆ ಅಪ್ಪ ಸ್ನಾನದ ತಂಬಿಗೆ ಎತ್ತುವ ಕಷ್ಟದ ಮಾತಿಗೆ ಬಂದಿದ್ದ.